ಹಿಡಿಯುವುದು ಮತ್ತು ಬಿಡುವುದು

ಗ್ರಂಥಗಳ ನಡುವೆ ಬೆಳೆದ ನಾವು ಯಂತ್ರದ ವಿಷಯ ಬರೆಯಹೊರಟದ್ದನ್ನು ಕಂಡು ಓದುಗ ಬಂಧುಗಳು ಅಚ್ಚರಿಪಡಬಹುದು. ಆದರೆ ಮನೆತನಕ್ಕಾಗಿ ಹಗಲಿರುಳು ದುಡಿದ ವಸ್ತುವಿನ ಮರ್ಮವನ್ನು ಅರಿಯದೆ ಬಳಸುವುದು ಕಾಯಕವಂತರಿಗೆ ತಕ್ಕ ನಡೆಯಲ್ಲ. ಆದ್ದರಿಂದ ನಮ್ಮ ಮನೆಯ ಹಳೆಯ ಜಾವಾ ಗಾಡಿಯ ಕ್ಲಚ್ಚಿನ ಕುರಿತು ನಾಲ್ಕು ಮಾತು.

ಈ ಗಾಡಿ ನಮ್ಮ ಹಿರಿಯಣ್ಣನವರದು. ಅವರು 1972ರಲ್ಲಿ ಕೊಂಡದ್ದು. ಕೃಷ್ಣೆ-ಘಟಪ್ರಭೆಯರ ನಡುವಿನ ನಮ್ಮ ಸೀಮೆಯಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಗೆ ಅವರ ಓಡಾಟವೆಲ್ಲ ಅದರ ಮೇಲೆಯೇ. ಜನರು ಅದನ್ನು ‘ಫಟಫಟಿ’ ಎಂದೇ ಕರೆಯುತ್ತಿದ್ದರು. ಅಣ್ಣನವರು ಲಿಂಗೈಕ್ಯರಾದ ಮೇಲೆ ಅದನ್ನು ಮಾರಲು ವೈನಿಯವರ ಮನಸ್ಸು ಒಪ್ಪಲಿಲ್ಲ. ಮಗನು ಅದನ್ನು ಓಡಿಸತೊಡಗಿದನು.

ಜಾವಾ ಮೂಲತಃ ಚೆಕ್ ನಾಡಿನದು. ಯಾನೆಚೆಕ್ ಎಂಬವರು 1929ರಲ್ಲಿ ಪ್ರಾಗ್ ನಗರದಲ್ಲಿ ಆರಂಭಿಸಿದ ಉದ್ಯಮ. ಅವರ ಹೆಸರಿನ ಮತ್ತು ವಾಂಡರರ್ ಎಂಬ ಹೆಸರಿನ ಮೊದಲಕ್ಷರಗಳು ಕೂಡಿ ‘ಜಾವಾ’ ಆಯಿತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಈ ಗಾಡಿಗಳನ್ನು ತಯಾರಿಸಿತು. 1973ರಿಂದ ‘ಯೆಜ್ಡಿ’ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಬೇರೆ ಕಂಪನಿಯಿಂದ ಜಾವಾ ಹೆಸರು ಮರಳಿತಾದರೂ ಅದು ಹೊಸ ಯಂತ್ರ. ಹಳೆಯದಕ್ಕೆ ಹಳೆಯ ಮಿಸ್ತ್ರಿಗಳೇ ಗತಿ.

ಕ್ಲಚ್ಚೆಂದರೇನು? ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳೆಯ ಪದ್ಧತಿಯ ವಿದ್ಯುತ್ ಮಗ್ಗದಲ್ಲಿ ಹಿಡಿಕೆ ಸರಿಸಿದೊಡನೆ ಪಟ್ಟಾ ಸಡಿಲು ಗಾಲಿಯಿಂದ ಬಿಗಿ ಗಾಲಿಗೆ ಸರಿಯುತ್ತದೆ, ಮಗ್ಗ ನಡೆಯುತ್ತದೆ. ಮರಳಿ ಸರಿಸಿದರೆ ಮೋಟಾರು ತಿರುಗುತ್ತಿದ್ದರೂ ಮಗ್ಗ ನಿಲ್ಲುತ್ತದೆ. ಗಾಡಿಯಲ್ಲಿ ಅದೇ ಕೆಲಸವನ್ನು ಬಿಲ್ಲೆಗಳು ಮಾಡುತ್ತವೆ. ಬೂಚು ಕೂರಿಸಿದ ಬಿಲ್ಲೆ, ಉಕ್ಕಿನ ಬಿಲ್ಲೆ, ಹೀಗೆ ಒಂದರ ಮೇಲೊಂದು ಎಣ್ಣೆಯಲ್ಲಿ ಮುಳುಗಿರುತ್ತವೆ. ಸ್ಪ್ರಿಂಗುಗಳು ಒತ್ತಿ ಹಿಡಿದಾಗ ಎಂಜಿನ್ನಿನ ಬಲವು ಗಾಲಿಗೆ ಹೋಗುತ್ತದೆ. ಕೈಹಿಡಿಕೆಯನ್ನು ಎಳೆದಾಗ ಬಿಲ್ಲೆಗಳು ಅಗಲಿ ಬಲವು ಅಲ್ಲಿಯೇ ನಿಲ್ಲುತ್ತದೆ. ಜಾವಾದಲ್ಲಿ ಇನ್ನೊಂದು ವಿಶೇಷವುಂಟು. ಗೇರಿನ ಸನ್ನೆಯನ್ನು ಕಾಲಿನಿಂದ ಒತ್ತಿದರೆ ಸಾಕು, ಅದೇ ಕ್ಲಚ್ಚನ್ನೂ ಬಿಡಿಸುತ್ತದೆ. ಗಾಡಿಯನ್ನು ಒದ್ದು ಚಾಲೂ ಮಾಡುವುದೂ ಆ ಸನ್ನೆಯಿಂದಲೇ.

ಕಳೆದ ಕಬ್ಬಿನ ಹಂಗಾಮಿನಲ್ಲಿ ಗಾಡಿ ಬಳಲಿತು. ಮುಧೋಳದ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಮೈಲುಗಟ್ಟಲೆ ಅರೆ ಕ್ಲಚ್ಚಿನಲ್ಲಿ ತೆವಳಬೇಕಾಯಿತು. ಸಾಲದೆಂಬಂತೆ ಯಾವುದೋ ಅಂಗಡಿಯಲ್ಲಿ ಕಾರಿನ ಎಂಜಿನ್ ಎಣ್ಣೆ ಹಾಕಿಸಲಾಗಿತ್ತು. ಘರ್ಷಣೆ ತಗ್ಗಿಸುವ ದ್ರವ್ಯ ಬೆರೆತ ಎಣ್ಣೆ ಇಂಥ ಕ್ಲಚ್ಚಿಗೆ ವೈರಿ. ಎಂಜಿನ್ ಅಬ್ಬರಿಸುತ್ತಿತ್ತು, ಗಾಡಿ ಮುಂದೆ ಸಾಗುತ್ತಿರಲಿಲ್ಲ. ಬೇಸತ್ತ ಹುಡುಗ, ‘ಕಾಕಾ, ಇದನ್ನ ಕೊಟ್ಟಬಿಡೂಣು’ ಎಂದನು. ಕೊಳ್ಳುವವರೊಬ್ಬರು ಬಂದು ನೋಡಿಯೂ ಹೋದರು. ವೈನಿಯವರು ಏನೂ ಹೇಳಲಿಲ್ಲ. ಆ ಮೌನವು ನಮಗೆ ಭಾರವಾಯಿತು.

ಜಮಖಂಡಿಯ ಹಿರಿಯ ಮಿಸ್ತ್ರಿಯೊಬ್ಬರ ಬಳಿಗೆ ಗಾಡಿ ಒಯ್ದೆವು. ಅವರ ಕಣ್ಣು ಮಂದವಾಗಿದ್ದುದರಿಂದ ಹುಡುಗನೇ ಕೈಯಾಗಬೇಕಾಯಿತು. ಎಣ್ಣೆ ಇಳಿಸಿ ಎಡಬದಿಯ ಮುಚ್ಚಳ ತೆಗೆದಾಗ ಸುಟ್ಟ ವಾಸನೆ ಬಂದಿತು. ಬೂಚು ಸವೆದು ಗಾಜಿನಂತೆ ನುಣುಪಾಗಿತ್ತು. ಉಕ್ಕಿನ ಬಿಲ್ಲೆಗಳು ಕಾವಿಗೆ ನೀಲಿಯಾಗಿದ್ದವು. ಅವನ್ನು ಗಾಜಿನ ಮೇಲಿಟ್ಟು ನೋಡಿದರೆ ಒಂದು ಅಲುಗಾಡುತ್ತಿತ್ತು, ಅದು ಬಾಗಿತ್ತು. ಹೊಸ ಬೂಚಿನ ಬಿಲ್ಲೆಗಳನ್ನು ಇಡೀ ರಾತ್ರಿ ಎಣ್ಣೆಯಲ್ಲಿ ನೆನೆಯಿಟ್ಟರು. ಮರುದಿನ ಬಿಲ್ಲೆಗಳನ್ನು ಒಂದು ಬಿಟ್ಟೊಂದರಂತೆ ಜೋಡಿಸಿ, ಸ್ಪ್ರಿಂಗುಗಳನ್ನು ಸರಿಸಮನಾಗಿ ಬಿಗಿದು, ಯೋಗ್ಯ ಎಣ್ಣೆ ತುಂಬಿದರು. ತಂತಿಗೆ ಎಣ್ಣೆ ಬಿಟ್ಟು, ಹಿಡಿಕೆಯಲ್ಲಿ ಎರಡು ಮೂರು ಮಿಲಿಮೀಟರ್ ಸಡಿಲು ಉಳಿಸಿದರು. ಸಡಿಲೇ ಇಲ್ಲದಿದ್ದರೆ ಬಿಲ್ಲೆಗಳು ಪೂರ್ತಿ ಒತ್ತಿಕೊಳ್ಳದೆ ಜಾರುತ್ತವೆ. ಹೆಚ್ಚಾದರೆ ಪೂರ್ತಿ ಅಗಲದೆ ಗೇರು ಕಚ್ಚುತ್ತದೆ.

ಕೊನೆಗೆ ಮಿಸ್ತ್ರಿಗಳು ಹುಡುಗನಿಗೆ, ‘ತಮ್ಮಾ, ಹಿಡಿಯೂದು ಲಗೂನ, ಬಿಡೂದು ಸಾವಕಾಶ. ನಡುವ ಬೆರಳು ಇಟ್ಟಗೊಂಡು ಕುಂದ್ರಬ್ಯಾಡ’ ಎಂದರು. ಹಿಡಿಕೆಯ ಮೇಲೆ ಸದಾ ಬೆರಳಿಟ್ಟು ಓಡಿಸುವವರ ಬಿಲ್ಲೆ ಬೇಗ ಸವೆಯುತ್ತದೆ. ದಟ್ಟಣೆಯಲ್ಲಿ ನಿಂತಾಗ ನ್ಯೂಟ್ರಲ್ಲಿಗೆ ತಂದು ಕೈ ಬಿಡಬೇಕು. ಬಹುದಿನ ನಿಂತ ಗಾಡಿಯ ಬಿಲ್ಲೆಗಳು ಒಂದಕ್ಕೊಂದು ಅಂಟಿರುತ್ತವೆ. ಎಂಜಿನ್ ಆರಿಸಿದ್ದಾಗಲೇ ಗೇರಿನಲ್ಲಿಟ್ಟು, ಕ್ಲಚ್ಚು ಹಿಡಿದು ಹಿಂದೆ ಮುಂದೆ ಜಗ್ಗಿದರೆ ಬಿಡುತ್ತವೆ.

ಎರಡು ದಿನ ಕೈಗೆ ಎಣ್ಣೆ ಮೆತ್ತಿಕೊಂಡ ಹುಡುಗ ಮಾರುವ ಮಾತನ್ನು ಮತ್ತೆ ಎತ್ತಲಿಲ್ಲ. ಅಲ್ಲಿಯವರೆಗೆ ಪ್ರತಿಸಲವೂ ಕೇಳಿ ಪಡೆಯಬೇಕಾಗಿದ್ದ ಗಾಡಿಯ ಕೀಲಿಯನ್ನು ವೈನಿಯವರು ಅವನ ಬಳಿಯೇ ಇರಗೊಟ್ಟರು.

ಮನೆತನದ ಭಾರ ಕಿರಿಯರಿಗೆ ಸಾಗುವುದೂ ಹೀಗೆಯೇ ಎಂದು ನಮಗೆ ತೋರುತ್ತದೆ. ಹಿರಿಯರು ಒಮ್ಮೆಲೇ ಕೈಬಿಟ್ಟರೆ ಸಂಸಾರ ಜಗ್ಗಿ ನಿಲ್ಲುತ್ತದೆ. ಬಿಟ್ಟೂ ಬಿಡದೆ ಬೆರಳಿಟ್ಟು ಕುಳಿತರೆ ಇಬ್ಬರೂ ಸವೆಯುತ್ತಾರೆ. ಸಾವಕಾಶವಾಗಿ, ಆದರೆ ಪೂರ್ತಿಯಾಗಿ ಬಿಡುವುದನ್ನು ನಮ್ಮ ಮನೆಗಳ ಹಿರಿಯರು ರೂಢಿಸಿಕೊಳ್ಳಲಿ. ಬಂದ ಬಲವನ್ನು ಜಾರಗೊಡದೆ ಹಿಡಿಯುವುದನ್ನು ಕಿರಿಯರು ಕಲಿಯಲಿ.