ತಲಪಾಡಿ ದಾಟಿ ಕಲಿತ ಪಾಠ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಳಿ ಕಾಸರಗೋಡಿನ ಬಸ್ಸು ಹತ್ತಿ ಬಲಬದಿಯ ಕಿಟಕಿ ಹಿಡಿದು ಕುಳಿತಿದ್ದೀರಾ? ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟು ಕಳೆದು, ತಲಪಾಡಿ ಬರುತ್ತಿದ್ದಂತೆ ಅಂಗಡಿಗಳ ಬೋರ್ಡಿನಲ್ಲಿ ಮಲಯಾಳ ಅಕ್ಷರಗಳು ಕಾಣತೊಡಗುತ್ತವೆ. ಕನ್ನಡವಂತೂ ಅಲ್ಲಿಗೇ ಮುಗಿಯುವುದಿಲ್ಲ. ಮಂಜೇಶ್ವರ ರಾಷ್ಟ್ರಕವಿ ಗೋವಿಂದ ಪೈಗಳ ಊರು. ಉಪ್ಪಳ, ಬಂದ್ಯೋಡು, ಕುಂಬಳೆಯವರೆಗೂ ಬಸ್ಸಿನೊಳಗೆ ತುಳು, ಬ್ಯಾರಿ, ಕನ್ನಡ, ಮಲಯಾಳ, ಉರ್ದು, ಕೊಂಕಣಿ ಎಲ್ಲವೂ ಕಿವಿಗೆ ಬೀಳುತ್ತವೆ. 1956ರ ನವೆಂಬರ್ 1ರಂದು ಗಡಿ ಗೆರೆ ಎಳೆದಾಗ ಈ ನೆಲ ಕೇರಳಕ್ಕೆ ಸೇರಿತು. ಆದರೆ ಕನ್ನಡ ಶಾಲೆಗಳು ಇಂದಿಗೂ ಇಲ್ಲಿವೆ. ನಾನು ಹೇಳಹೊರಟಿರುವುದು ಅಂಥ ಒಂದು ಶಾಲೆಯ ಹುಡುಗಿ ನನಗೆ ಕಲಿಸಿದ ಪಾಠವನ್ನು.

ಕುಂಬಳೆಯಲ್ಲಿರುವ ಅಕ್ಕನ ಮನೆಗೆ ಹೊರಟಿದ್ದೆ. ಬ್ಯಾಗಿನಲ್ಲಿ ಹಲ್ವದ ಪೊಟ್ಟಣದ ಜೊತೆ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಅಣ್ಣ ಗಲ್ಫ್‌ನಿಂದ ಬಂದಾಗ ತಂದುಕೊಟ್ಟದ್ದು. ತೆರೆದುಕೊಳ್ಳಲು ಹತ್ತು ನಿಮಿಷ ಬೇಕು. ಮಗಳು ಕಾಲೇಜಿನ ಪ್ರಾಜೆಕ್ಟ್ ಬರೆಯಲು ಕುಳಿತರೆ 'ಚಂದಾ ಮುಗಿದಿದೆ, ಹಣ ಕಟ್ಟಿ' ಎಂಬ ಸೂಚನೆ. ತಾನೇ ಬರೆದಿಟ್ಟ ಪುಟಗಳನ್ನು ಓದಬಹುದು, ತಿದ್ದುವಂತಿಲ್ಲ! ರಿಪೇರಿ ಅಂಗಡಿಗೆ ಒಯ್ದರೆ, ಅದನ್ನು ಬಿಚ್ಚಿಯೂ ನೋಡದೆ "ಹಳತಾಯ್ತು ಮೇಡಂ, ಹೊಸತು ತಗೊಳ್ಳಿ, ನಲ್ವತ್ತು ಸಾವಿರದೊಳಗೆ ಸಿಗ್ತದೆ" ಎಂದರು. ನಲ್ವತ್ತು ಸಾವಿರ! ನನ್ನ ಕಣ್ಣು ಕೈಯಲ್ಲಿದ್ದ ಬಳೆಯ ಕಡೆಗೆ ಹೋಯಿತು. ಅಡವಿಡುವ ಯೋಚನೆಯಲ್ಲೇ ಎರಡು ವಾರ ಕಳೆದಿದ್ದೆ. ಫೋನಿನಲ್ಲಿ ಮಾತಾಡುವಾಗ ಇದನ್ನು ಕೇಳಿಸಿಕೊಂಡ ಅಕ್ಕನ ಮಗಳು, "ಚಿಕ್ಕಮ್ಮಾ, ಬರುವಾಗ ಅದನ್ನು ತನ್ನಿ" ಎಂದಿದ್ದಳು.

ಅವಳಿಗೆ ಒಂಬತ್ತನೇ ತರಗತಿ. ಚಹಾ ಮುಗಿಯುವ ಮೊದಲೇ ಒಂದು ಪೆನ್‌ಡ್ರೈವ್ ತಂದಳು. "ಮೊದಲು ನಿಮ್ಮ ಫೋಟೋ, ಫೈಲುಗಳನ್ನೆಲ್ಲ ಬೇರೆ ಕಡೆ ಇಟ್ಟುಕೊಳ್ಳುವಾ. ಮತ್ತೆ ಹೋಯ್ತು ಅಂತ ನನ್ನನ್ನು ಬಯ್ಯಬಾರದು" ಎಂದು ಷರತ್ತು ಹಾಕಿದಳು. ಆಮೇಲೆ ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ಚಾಲೂ ಮಾಡಿ, ಎಲ್ಲ ಸರಿಯಿದೆಯೇ ಎಂದು ನೋಡಿ, ಹಳೆಯದನ್ನು ಅಳಿಸಿ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದಳು. ಅದರ ಹೆಸರು ಕೈಟ್ ಗ್ನೂ/ಲಿನಕ್ಸ್. ಅವಳ ಶಾಲೆಯ ಕಂಪ್ಯೂಟರ್‌ಗಳಲ್ಲಿರುವುದೂ ಅದೇ. ಅಸರ್ ನಮಾಝ್ ಮುಗಿಸಿ ಬರುವಷ್ಟರಲ್ಲಿ ಲ್ಯಾಪ್‌ಟಾಪ್ ಸಿದ್ಧವಾಗಿತ್ತು. ಪ್ರಾಜೆಕ್ಟ್ ಬರೆಯಲು ಲಿಬ್ರೆ ಆಫೀಸ್, ಚಿತ್ರ ಬಿಡಿಸಲು ಇಂಕ್‌ಸ್ಕೇಪ್, ಫೋಟೋ ತಿದ್ದಲು ಗಿಂಪ್. ಕನ್ನಡಕ್ಕೆಂದು 'ಗುಬ್ಬಿ', 'ನವಿಲು' ಎಂಬ ಅಕ್ಷರ ವಿನ್ಯಾಸಗಳು! ಯಾವುದಕ್ಕೂ ಒಂದು ಪೈಸೆ ಕೊಡಬೇಕಾಗಿರಲಿಲ್ಲ.

"ಇದು ಕಳ್ಳ ಕಾಪಿಯಲ್ಲ ತಾನೇ?" ನಾನು ಅಳುಕುತ್ತಲೇ ಕೇಳಿದೆ. ಕದ್ದ ವಸ್ತುವಿನಲ್ಲಿ ಮಗಳು ವಿದ್ಯೆ ಕಲಿಯುವುದು ನನಗೆ ಬೇಡ. ಅವಳು ನಕ್ಕು, ಕನ್ನಡದಲ್ಲೇ ಅಚ್ಚಾದ ತನ್ನ ಐಸಿಟಿ ಪಠ್ಯಪುಸ್ತಕ ತಂದು ಮುಂದಿಟ್ಟಳು. ಇದು ಸ್ವತಂತ್ರ ತಂತ್ರಾಂಶ. ಯಾರೂ ಬಳಸಬಹುದು, ಒಳಗೆ ಹೇಗಿದೆ ಎಂದು ನೋಡಿ ಕಲಿಯಬಹುದು, ಬೇಕಾದಂತೆ ಬದಲಿಸಬಹುದು, ಪ್ರತಿ ಮಾಡಿ ನೆರೆಮನೆಗೂ ಕೊಡಬಹುದು. ಇಷ್ಟಕ್ಕೂ ಪರವಾನಗಿಯಲ್ಲೇ ಅನುಮತಿ ಇದೆ.

ಹೊಲಿಗೆ ಬಲ್ಲ ಸಹೋದರಿಯರಿಗೆ ಇದು ಬೇಗ ಅರ್ಥವಾದೀತು. ನೀವು ಹಣ ಕೊಟ್ಟು ಹೊಲಿಸಿಕೊಂಡ ಉಡುಪು ಬಿಗಿಯಾದರೆ ಏನು ಮಾಡುತ್ತೀರಿ? ಹೊಲಿಗೆ ಬಿಚ್ಚಿ ಒಂದಿಂಚು ಸಡಿಲಿಸುತ್ತೀರಿ. ನಿಮಗೆ ಬಾರದಿದ್ದರೆ ನೆರೆಯವರು ಮಾಡಿಕೊಡುತ್ತಾರೆ. 'ಬಿಚ್ಚುವಂತಿಲ್ಲ, ತಂಗಿಗೆ ಕೊಡುವಂತಿಲ್ಲ, ವರ್ಷ ವರ್ಷ ಬಾಡಿಗೆ ಕಟ್ಟಿದರೆ ಮಾತ್ರ ತೊಡಬಹುದು' ಎಂದು ಅಂಗಡಿಯವರು ಹೇಳಿದರೆ ಆ ಉಡುಪು ನಿಮ್ಮದಾಗುವುದೇ? ದೊಡ್ಡ ಕಂಪೆನಿಗಳ ಎಷ್ಟೋ ತಂತ್ರಾಂಶಗಳನ್ನು ನಾವು ಇದೇ ಷರತ್ತಿನಲ್ಲಿ ಒಪ್ಪಿಕೊಂಡಿದ್ದೇವೆ.

ಈ ಮಾತನ್ನು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲೇ ಎತ್ತಿ ಗ್ನೂ ಯೋಜನೆ ಆರಂಭಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದರು. 2001ರಲ್ಲಿ ಸ್ಟಾಲ್‌ಮನ್ ತಿರುವನಂತಪುರಕ್ಕೆ ಬಂದಾಗ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆಫ್ ಇಂಡಿಯಾ ಉದ್ಘಾಟನೆಗೊಂಡಿತು. ಕೇರಳ ಸರಕಾರದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಈ ದಾರಿ ಹಿಡಿಯಿತು. 2017ರಲ್ಲಿ ಆ ಯೋಜನೆಯೇ 'ಕೈಟ್' ಸಂಸ್ಥೆಯಾಯಿತು. ಎರಡು ಲಕ್ಷ ಶಾಲಾ ಕಂಪ್ಯೂಟರ್‌ಗಳಲ್ಲಿ ಸ್ವತಂತ್ರ ತಂತ್ರಾಂಶ ಬಳಸುವುದರಿಂದ 3,000 ಕೋಟಿ ರೂಪಾಯಿ ಉಳಿಯುತ್ತದೆ ಎಂದು 2019ರಲ್ಲಿ ಕೈಟ್ ಲೆಕ್ಕ ಹೇಳಿತ್ತು. ಆ ಲೆಕ್ಕ ಹಾಗಿರಲಿ. ಬಡವರ ಮಗಳೊಬ್ಬಳು ಕಂಪ್ಯೂಟರಿನ ಮುಂದೆ ಬರೀ ಗಿರಾಕಿಯಾಗಿ ಕೂರದೆ, ಅದನ್ನು ಬಿಚ್ಚಿ ಕಟ್ಟುವ ಧೈರ್ಯ ಪಡೆದಿದ್ದಾಳಲ್ಲ, ನನಗೆ ಅದೇ ದೊಡ್ಡ ಉಳಿತಾಯ. 2018ರಲ್ಲಿ ಆರಂಭವಾದ 'ಲಿಟಲ್ ಕೈಟ್ಸ್' ಎಂಬ ಮಕ್ಕಳ ಕೂಟದಲ್ಲಿ ಅವಳೂ ಸದಸ್ಯೆ. 2022ರಲ್ಲಿ ಈ ಕೂಟದ ಮಕ್ಕಳು ತಮ್ಮ ತಾಯಂದಿರನ್ನೇ ಶಾಲೆಗೆ ಕರೆದು ಸೈಬರ್ ಸುರಕ್ಷತೆಯ ಪಾಠ ಹೇಳಿಕೊಟ್ಟಿದ್ದರು.

'ನಮ್ಮ ಫೋನಿನ ಆ್ಯಪ್‌ಗಳೂ ಪುಕ್ಕಟೆಯಲ್ಲವೇ?' ಎಂದು ನೀವು ಕೇಳಬಹುದು. ಪುಕ್ಕಟೆ ಬೇರೆ, ಸ್ವಾತಂತ್ರ್ಯ ಬೇರೆ. ಅಲ್ಲಿ ಹಣದ ಬದಲು ನಾವು ಏನು ಹುಡುಕಿದೆವು, ಎಲ್ಲಿಗೆ ಹೋದೆವು ಎಂಬ ವಿವರಗಳನ್ನು ತೆರುತ್ತೇವೆ. ಆಂಡ್ರಾಯ್ಡ್‌ನ ಅಡಿಪಾಯವೂ ಲಿನಕ್ಸೇ. ಆದರೆ ಅದರ ಮೇಲೆ ಕಟ್ಟಿದ ಮನೆಯ ಬೀಗದ ಕೈ ಗೂಗಲ್ ಬಳಿಯಿದೆ. ಆಂಡ್ರಾಯ್ಡ್ ಮಾರುಕಟ್ಟೆಯಲ್ಲಿ ತನ್ನ ಬಲವನ್ನು ದುರುಪಯೋಗಪಡಿಸಿಕೊಂಡಿದೆ ಎಂದು 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದಕ್ಕೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು.

ಎಲ್ಲವೂ ಸುಲಭವೆಂದು ನಾನು ಹೇಳಲಾರೆ. ನಮ್ಮ ಪ್ರಿಂಟರ್ ಮೊದಲು ಹಠ ಮಾಡಿತು. ಅಂಗಡಿ ಲೆಕ್ಕದ ಕೆಲವು ತಂತ್ರಾಂಶಗಳು ಇದರಲ್ಲಿ ನೇರವಾಗಿ ಓಡುವುದಿಲ್ಲ. ಅಂಥ ಕೆಲಸವಿರುವವರು ವಿಚಾರಿಸಿಯೇ ಮುಂದುವರಿಯಬೇಕು. ಬರವಣಿಗೆ, ಓದು, ಇಂಟರ್ನೆಟ್, ಮಕ್ಕಳ ಪಾಠ ಇಷ್ಟೇ ಸಾಕು ಎನ್ನುವ ಮನೆಗೆ ಮಾತ್ರ ಧಾರಾಳ ಸಾಕು.

ಮರುದಿನ ಬಸ್ಸು ಹತ್ತಿದಾಗ ಬ್ಯಾಗಿನಲ್ಲಿ ಅದೇ ಲ್ಯಾಪ್‌ಟಾಪ್ ಇತ್ತು. ಅದರ ಜೊತೆ ಆ ಪೆನ್‌ಡ್ರೈವ್ ಕೂಡ. "ಬೇರೆಯವರಿಗೂ ಹಾಕಿ ಕೊಡಿ ಚಿಕ್ಕಮ್ಮಾ, ಹಂಚಲಿಕ್ಕೇ ಇರುವುದು ಅದು" ಎಂದಿದ್ದಳು ಹುಡುಗಿ. ಈಗ ಮಗಳು ಅದರಲ್ಲೇ ಪ್ರಾಜೆಕ್ಟ್ ಬರೆಯುತ್ತಿದ್ದಾಳೆ. ಬಳೆ ನನ್ನ ಕೈಯಲ್ಲೇ ಇದೆ.

ನಿಮ್ಮ ಕಪಾಟಿನ ಮೇಲೂ ಬಟ್ಟೆ ಸುತ್ತಿಟ್ಟ ಹಳೆಯ ಕಂಪ್ಯೂಟರ್ ಇದೆಯೇ? ಗುಜರಿಗೆ ಹಾಕುವ ಮೊದಲು, ಬಳೆ ಕಳಚುವ ಮೊದಲು, ಬಲ್ಲವರನ್ನು ಒಮ್ಮೆ ಕೇಳಿ ನೋಡಿ. ಬಲ್ಲವರು ದೊಡ್ಡವರೇ ಆಗಿರಬೇಕೆಂದಿಲ್ಲ.