ಬೆಟ್ಟ ಇಳಿದು ಬಂದ ಗೆಳತಿ

ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ನಮ್ಮ ಕಳವಾರದವರಿಗೆ ಆ ಗಾದೆ ಸಲ್ಲದು. ಸ್ಕಂದಗಿರಿ ನಮ್ಮ ಊರಿನ ಬೆನ್ನಿಗೇ ನಿಂತಿದೆ. ಸುಮಾರು 1,450 ಮೀಟರ್ ಎತ್ತರ, ತುದಿಯಲ್ಲಿ ಹಾಳುಕೋಟೆ. ಅದನ್ನು ಹತ್ತಲು ಬೆಂಗಳೂರಿನಿಂದ ಹುಡುಗ ಹುಡುಗಿಯರು ಬರುತ್ತಲೇ ಇರುತ್ತಾರೆ. ನಾನು ಮಾತ್ರ ಮದುವೆಯಾಗಿ ಬಂದು 24 ವರ್ಷವಾದರೂ ಹತ್ತಿರಲಿಲ್ಲ. ನಗಬೇಡಿ ಸಹೋದರಿಯರೇ, ನಿಮ್ಮೂರಲ್ಲೂ ನೀವು ನೋಡದ ಒಂದು ಜಾಗ ಇದ್ದೇ ಇರುತ್ತೆ!

ಎರಡು ವರ್ಷದ ಹಿಂದಿನ ಮಾತು, ಅವರೆಕಾಯಿ ಕಾಲ. ಜಗಲಿಯಲ್ಲಿ ಕೂತು ನೆನೆಸಿದ ಕಾಳು ಹಿದುಕುತ್ತಿದ್ದೆ. ಬೆನ್ನಿಗೆ ಚೀಲ, ಕಾಲಿಗೆ ಮಣ್ಣು ಮೆತ್ತಿದ ಬೂಟು, ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬರು ಬೆಟ್ಟ ಇಳಿದು ಬಂದು, “ಅಕ್ಕಾ, ಸ್ವಲ್ಪ ನೀರು ಕೊಡ್ತೀರಾ?” ಅಂದರು. ನೀರು ಕುಡಿದವರು ಹೋಗಲಿಲ್ಲ. ಪಕ್ಕದಲ್ಲೇ ಕೂತು ತಾವೂ ಹಿದುಕತೊಡಗಿದರು. ಅರ್ಧ ಬೇಳೆ ನೆಲಕ್ಕೆ ಹಾರಿತು, ಅದು ಬೇರೆ ಮಾತು.

ಪತ್ರಿಕೆಗಳಿಗೆ ಬರೆಯುತ್ತಾರಂತೆ. ಪ್ರವಾಸ, ಅಡುಗೆ, ಉಡುಗೆ, ಮನೆಯ ಅಲಂಕಾರ, ಹೀಗೆ. ಯಾವ ಕಚೇರಿಯ ನೌಕರಿಯೂ ಅಲ್ಲ, ಬರೆದಷ್ಟಕ್ಕೆ ಸಂಭಾವನೆ. ಒಂದು ವಾರ ಬೆಟ್ಟ, ಇನ್ನೊಂದು ವಾರ ಸಮುದ್ರ, ನಡುವೆ ಸೈಕಲ್ಲು, ಈಜು. ಹೇಳೋರಿಲ್ಲ ಕೇಳೋರಿಲ್ಲ, ಪುಣ್ಯವಂತೆ ಎಂದು ಹೊಟ್ಟೆಯೊಳಗೆ ಸಣ್ಣ ಉರಿ. ನಿಮ್ಮ ಹತ್ತಿರ ಸುಳ್ಳೇಕೆ?

ಆಮೇಲೆ ಆಗಾಗ ಬರತೊಡಗಿದರು. ಒಂದು ಸಲ ಬಂದಾಗ ನಮ್ಮ ರೇಷ್ಮೆಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಅಲ್ಲಿಂದ ಹಣ್ಣಾಗುವವರೆಗೆ ಹಗಲೂ ರಾತ್ರಿ ಸೊಪ್ಪು ಹಾಕಬೇಕು. ಹಬ್ಬ ಇರಲಿ, ನೆಂಟರಿರಲಿ, ರಜೆಯಿಲ್ಲ. “ನಿಮಗೇನಮ್ಮಾ, ಆರಾಮ” ಅಂದುಬಿಟ್ಟೆ. ಅವರು ನಕ್ಕರು. “ಅಕ್ಕಾ, ಮೂರು ತಿಂಗಳ ಹಿಂದೆ ಅಚ್ಚಾದ ಲೇಖನಕ್ಕೆ ಇನ್ನೂ ದುಡ್ಡು ಬಂದಿಲ್ಲ. ಒಂದು ವಾರ ಮಲಗಿದರೆ ಆ ತಿಂಗಳ ಬಾಡಿಗೆಗೆ ಅಮ್ಮನ ಹತ್ತಿರ ಕೈ ಚಾಚಬೇಕು” ಅಂದರು. ನಾನು ಸೊಪ್ಪಿನ ಬುಟ್ಟಿ ಕೆಳಗಿಟ್ಟೆ. ನಮ್ಮದೂ ಅದೇ ತಾನೇ? ಮೇಲೆ ಯಜಮಾನರಿಲ್ಲ, ಆದರೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ಬಂದಷ್ಟೇ ಬೆಲೆ. ಹುಳುವಿಗೆ ರೋಗ ತಗುಲಿದರೆ ಅದೂ ಇಲ್ಲ.

ನಮ್ಮನೆಯ ಹಿದುಕಿದ ಬೇಳೆ ಸಾರಿನ ಬಗ್ಗೆ ಬರೆದು, ಕಳಿಸುವ ಮುಂಚೆ ನನಗೆ ಓದಿ ಹೇಳಿದರು. ನನ್ನ ಹೆಸರಿರಲಿಲ್ಲ, ‘ಮುಗ್ಧ ಹಳ್ಳಿ ಗೃಹಿಣಿ’ ಅಂತಿತ್ತು. ಮೈಯೆಲ್ಲ ಉರಿದುಹೋಯಿತು. “ಮುಗ್ಧೆ ಯಾರಮ್ಮಾ? ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಈ ಮನೆಯ ಮೊಟ್ಟೆ, ಸೊಪ್ಪು, ಗೂಡಿನ ಲೆಕ್ಕವೆಲ್ಲ ಬರೆಯೋಳು ನಾನೇ” ಅಂದೆ. ಅವರ ಮುಖ ಸಪ್ಪಗಾಯಿತು. ಎರಡು ವಾರ ಫೋನೇ ಇಲ್ಲ. ಅತಿಯಾಯಿತೇನೋ ಎಂದು ನನಗೂ ನಿದ್ದೆಯಿಲ್ಲ.

ಬಂದರು, ತಿದ್ದಿದ ಲೇಖನ ಹಿಡಿದು. ನನ್ನ ಹೆಸರೂ ಇತ್ತು, ಲೆಕ್ಕದ ಪುಸ್ತಕವೂ ಇತ್ತು. ಕೊಡಗಿನ ಗೌರಮ್ಮನವರ ವಿಷಯ ಹೇಳಿದ್ದು ಅಂದೇ. 1930ರ ದಶಕದಲ್ಲೇ ಟೆನಿಸ್ ಆಡಿ, ಈಜಾಡಿ, ಸಂಸಾರ ನಡೆಸಿಕೊಂಡು ಕಥೆ ಬರೆದವರು. 1939ರಲ್ಲಿ, ಬರೀ 27ರಲ್ಲಿ, ನೀರಿನಲ್ಲಿ ಮುಳುಗಿ ತೀರಿಕೊಂಡರು. ಬರೆಯುತ್ತಿದ್ದುದು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಂತೆ. ಅಂಥ ಗಟ್ಟಿಗಿತ್ತಿಗೂ ಗಂಡನ ಹೆಸರೇ ನೋಡಿ!

ಹೋದ ಧನುರ್ಮಾಸದಲ್ಲಿ ನನ್ನನ್ನೂ ಬೆಟ್ಟಕ್ಕೆ ಹೊರಡಿಸಿದರು. ಈಗ ಮೊದಲೇ ಆನ್‌ಲೈನಿನಲ್ಲಿ ಟಿಕೆಟ್ ಮಾಡಿಸಬೇಕು. “ನಮ್ಮೂರ ಬೆಟ್ಟಕ್ಕೆ ನಮಗೇ ಟಿಕೆಟ್ಟಾ?” ಎಂದು ನಮ್ಮವರು ಗೊಣಗಿದರು. ಹುಳುಮನೆ ನೋಡಿಕೊಂಡರು ಅನ್ನಿ. ಸೀರೆ ಎತ್ತಿ ಕಟ್ಟಿ, ಮಗನ ಬೂಟು ಮೆಟ್ಟಿ, ಹತ್ತು ಕಡೆ ಕೂತು ಹತ್ತಿದೆ. ಅವರು ಒಂದು ಸಲವೂ ಬೇಗ ಬನ್ನಿ ಅನ್ನಲಿಲ್ಲ.

ಮೇಲೆ ನಿಂತರೆ ಕೆಳಗೆಲ್ಲ ಮೋಡ, ಹಾಲು ಉಕ್ಕಿದ ಹಾಗೆ. ಅವರು ಫೋಟೋ ತೆಗೆಯುತ್ತಿದ್ದರು, ನಾನು ನಮ್ಮ ಮನೆ ಹುಡುಕುತ್ತಿದ್ದೆ. ಬಿಸಿಲೇರಿ ಮೋಡ ಸರಿದ ಮೇಲೆ ಹುಳುಮನೆಯ ತಗಡು ಫಳಕ್ಕೆಂದಿತು. ಬೆಂಕಿಪೊಟ್ಟಣದಷ್ಟಿತ್ತು!

“ಇಳಿಯೋಣವಮ್ಮಾ, ಸೊಪ್ಪು ಹಾಕೋ ಹೊತ್ತಾಯ್ತು” ಅಂದೆ.

“ನಂದೂ ಸಂಜೆಯೊಳಗೆ ಒಂದು ಲೇಖನ ಹೋಗಬೇಕು ಅಕ್ಕಾ” ಎಂದು ಅವರೂ ಚೀಲ ಹೆಗಲಿಗೇರಿಸಿದರು.