ಯುಗಾದಿ ಹೊತ್ತಿನ ಬೆಣ್ಣೆತೊರೆ

ಕಲಬುರಗಿಯಿಂದ ಕಮಲಾಪುರಕ್ಕ ಹೊಂಟಾಗೆಲ್ಲ ಕುರಿಕೋಟಾ ಸೇತುವೆ ಹತ್ರ ಒಂದು ಗಳಿಗಿ ನಿಲ್ತೀನಿ. ಯುಗಾದಿ ಬಂತಂದ್ರ ಸೇತುವೆ ಕೆಳಗಿನ ಬೆಣ್ಣೆತೊರೆ ಹೊಳಿ ನೀರು ದಂಡಿ ಬಿಟ್ಟು ಒಳಗ ಸರಿದಿರ್ತದ. ಗಾಳ ಹಾಕೋರಿಗೆ ಇದರ ಲೆಕ್ಕ ಗೊತ್ತು: ಬಿಸಲು ಏರಿದಂಗ ನೀರು ಕಾಯ್ತದ, ಕಾದ ನೀರಿನ್ಯಾಗ ಆಮ್ಲಜನಕ ಕಮ್ಮಿ ಆಗ್ತದ, ಮೀನು ತಂಪು ಹುಡುಕಿ ಮಡುವಿಗೆ ಇಳೀತಾವ. ಎರೆಹುಳಕ್ಕ ಬಾಯಿ ಹಾಕೋದು ಹೊತ್ತು ಮೂಡೋ ಮುಂದ, ಮುಳುಗೋ ಮುಂದ.

ರೋಹು, ಕಾಟ್ಲಾ ಮೊಟ್ಟಿ ಇಡೋದು ಮುಂಗಾರಿನ ಹೊಸ ನೀರಿನ್ಯಾಗ. ಅಲ್ಲೀತನಕ ಈ ಮಡುಗಳೇ ಅವಕ್ಕ ಆಸರ. ಅದಕ್ಕ, ಗಾಳಕ್ಕ ಮರಿ ಸಿಕ್ಕರ ಕೈ ತೋಯಿಸಿಕೊಂಡು ಮೆಲ್ಲಕ ಹಿಡಿದು ತಿರುಗಿ ನೀರಿಗೇ ಬಿಡ್ರಿ. ಹರಿದ ದಾರ ದಂಡಿಗೆ ಬಿಟ್ಟು ಬರಬ್ಯಾಡ್ರಿ. ಬ್ಯಾಸಗಿ ದಾಟಿದ ಮೀನೇ ಮುಂದಿನ ವರ್ಷದ ಹೊಳಿಗೆ ಜೀವ.